ಯಾರ ಬಲಗಡೆ?

"ರುದ್ರಾಣೀ, ಓಡಿಹೋಗಿ ಒಂದು ಕಟ್ಟು ಎಲೆ ತಗಂಬಾ!" ಎಂದು ಕೂಗಿದ ಪಂಚಾಕ್ಷರಪ್ಪ ದೊಡ್ಡಪ್ಪ, ಅಪ್ಪನ ಕಡೆ ತಿರುಗಿ, "ಕಾಲಿಗೆ ಬಲ ಇಲ್ಲದ ಮಗು ಮುಂದೆ ಏನ್ ಕೆಲಸಕ್ಕೆ ಬರ್ತೈತೋ?" ಎಂದರು.

ರುದ್ರಾಣಿ ಐದನೇ ಕ್ಲಾಸು. ಪೋಲಿಯೋ ಬಂದು ಅವಳ ಎಡಗಾಲು ಸಣ್ಣಗಾಗಿತ್ತು. ಮೊಣಕಾಲ ಮೇಲೆ ಕೈಯೂರಿ ನಡೆದುಹೋಗಿ ಎಲೆ ತಂದುಕೊಟ್ಟಳು.

ಅಮ್ಮ ಐದು ತಿಂಗಳ ಬಸುರಿ. ದಾವಣಗೆರೆಗೆ ಹೊಸದಾಗಿ ಬಂದಿದ್ದ ಸ್ಕ್ಯಾನಿಂಗ್ ಮಾಡಿಸಿದ್ದರು. ಮಗುವಿನ ಬೆನ್ನುಮೂಳೆ ಸರಿಯಾಗಿ ಕೂಡಿಲ್ಲ, ನಡೆಯುವುದು ಕಷ್ಟ, ಇಟ್ಟುಕೊಳ್ಳುತ್ತೀರೋ ಇಲ್ಲವೋ ಸೋಮವಾರ ಹೇಳಿ ಎಂದಿದ್ದರು ಡಾಕ್ಟರಮ್ಮ. ಅಪ್ಪ ಅಮ್ಮ ಇಬ್ಬರನ್ನು ಬಿಟ್ಟು ಹೊನ್ನಾಳಿಯಲ್ಲಿ ಎಲ್ಲರೂ ಉತ್ತರ ಹೇಳುತ್ತಿದ್ದರು!

ದೊಡ್ಡಪ್ಪ ಸ್ಕ್ಯಾನಿಂಗ್ ಫೋಟೋವನ್ನು ತಲೆಕೆಳಗಾಗಿ ಹಿಡಿದು, "ಮೂಗು ಮಾತ್ರ ನಮ್ಮ ಮನೆದೇ" ಎಂದರು.

"ಈರಭದ್ರನ್ನೇ ಕೇಳನ," ಎಂದಳು ಅಜ್ಜಿ. "ದೇವರ ತಲೆ ಮೇಲಿನ ಹೂ ಬಲಕ್ಕೆ ಬಿದ್ರೆ ಮಗು ಇರ್ಲಿ. ಎಡಕ್ಕೆ ಬಿದ್ರೆ ಬ್ಯಾಡ. ರುದ್ರಾಣೀ, ಓಡು, ಸೇವಂತಿಗೆ ತಗಂಬಾ!"

ಗುಡಿಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನಿಂತರು. ಹೂ ಜಾರಿ ಬಿತ್ತು.

"ಬಲಗಡೆ!" ಎಂದಳು ಅಜ್ಜಿ.

"ಅದು ನಮ್ಮ ಬಲಗಡೆ ಕಣವ್ವ. ದೇವರಿಗೆ ಎಡಗಡೆ!" ಎಂದರು ದೊಡ್ಡಪ್ಪ.

"ಕೇಳಿದ್ದು ನಾವಲ್ಲೇನೋ?"

"ಬಿದ್ದಿದ್ದು ಅವನ ತಲೆಯಿಂದ!"

ದೊಡ್ಡಪ್ಪ ಗರ್ಭಗುಡಿಯ ಬಾಗಿಲಿಗೆ ಬೆನ್ನು ಕೊಟ್ಟು ನಿಂತು, "ಈಗ ನಾನೇ ದೇವರು ಅನ್ಕಳ್ರಿ. ಇದು ನನ್ನ ಬಲಗೈ" ಎಂದು ಎಡಗೈ ಎತ್ತಿದರು. ಆಗಷ್ಟೇ ಒಳಗೆ ಬಂದ ಮುದುಕಿಯೊಬ್ಬಳು ಅವರಿಗೇ ಕೈಮುಗಿದಳು.

"ರುದ್ರಾಣೀ, ಓಡು, ಮೇಷ್ಟ್ರನ್ನ ಕರ್ಕಂಬಾ! ಯಾವುದು ಬಲ ಅಂತ ಅವರೇ ಹೇಳ್ಲಿ!" ಎಂದಳು ಅಜ್ಜಿ.

ರುದ್ರಾಣಿ ಹೋಗಲಿಲ್ಲ.

"ನನ್ನ ಇಟ್ಕಳಾಕೂ ಹೂ ಕೇಳಿದ್ರಾ?"

ದೊಡ್ಡಪ್ಪ ಎತ್ತಿದ ಕೈಯನ್ನು ಮೆಲ್ಲಗೆ ಇಳಿಸಿದರು.

ಅಮ್ಮ ಬಗ್ಗಿ ಆ ಹೂವನ್ನು ಎತ್ತಿಕೊಂಡು ರುದ್ರಾಣಿಯ ಜಡೆಗೆ ಮುಡಿಸಿದಳು. "ಅತ್ತೀ, ಸೋಮವಾರ ನಾನೇ ಹೋಗಿ ಹೇಳ್ತೀನಿ. ಈ ಮಗು ನನಗೆ ಬೇಕು."

"ನಾನೂ ಬರ್ತೀನಿ," ಎಂದರು ಅಪ್ಪ. ಬೆಳಗಿನಿಂದ ಅವರಾಡಿದ ಮೊದಲ ಮಾತು ಅದು.

ವಾಪಸ್ ಬರುವಾಗ ಉಳಿದವರೆಲ್ಲ ಬಲ ಎಡ ಎಂದು ಜಗಳವಾಡುತ್ತ ಮುಂದೆ ಹೋಗಿಬಿಟ್ಟರು. ಅಮ್ಮ ಮಾತ್ರ ರುದ್ರಾಣಿಯ ಪಕ್ಕದಲ್ಲಿ ನಿಧಾನವಾಗಿ ಬರುತ್ತಿದ್ದಳು.

ಬಸುರಿಯಲ್ಲವೇ, ಅದಕ್ಕೇ ನಿಧಾನ ಎಂದುಕೊಂಡಳು ರುದ್ರಾಣಿ. ಹತ್ತು ಹೆಜ್ಜೆ ನಡೆದ ಮೇಲೆ ಅವಳಿಗೆ ನೆನಪಾಯಿತು. ಹೋದ ವರ್ಷವೂ ಅಮ್ಮ ಹೀಗೇ ನಡೆಯುತ್ತಿದ್ದಳು. ಅದರ ಹಿಂದಿನ ವರ್ಷವೂ.