ಮೂರನೆಯ ಕೇಬಲ್

ವೇಲಚೇರಿಯ ವಿಷ್ಣುಮೂರ್ತಿಗಳ ಹೋಟೆಲಿನಲ್ಲಿ ಗಲ್ಲಾದ ಕಂಪ್ಯೂಟರನ್ನೂ ಅಡುಗೆಮನೆಯದನ್ನೂ ಒಂದು ಪುಟ್ಟ ಲಿನಕ್ಸ್ ಪೆಟ್ಟಿಗೆ ಸೇತುವೆಯಂತೆ ಜೋಡಿಸುತ್ತದೆ. ಈ ಬ್ರಿಡ್ಜ್ ಕೆಟ್ಟು ಆರ್ಡರುಗಳು ಒಳಗೆ ಹೋಗುತ್ತಿಲ್ಲವೆಂದು ಕಳೆದ ಮೇ ತಿಂಗಳ ಒಂದು ಮಧ್ಯಾಹ್ನ ಕಂಪ್ಯೂಟರ್ ರಿಪೇರಿಯವನಾದ ನನ್ನನ್ನು ಕರೆಸಿದರು. ನೆತ್ತಿ ಸುಡುವ ಬಿಸಿಲು. ಆದರೂ ಪೆಟ್ಟಿಗೆ ಮುಟ್ಟಿದರೆ ಕೈ ಕೊರೆಯುವಷ್ಟು ತಣ್ಣಗಿತ್ತು.

ಕಪ್ಪು ಪರದೆಯಲ್ಲಿ ಬರೀ ಅಕ್ಷರಗಳು. ಬ್ರಿಡ್ಜಿನಲ್ಲಿ ಎರಡರ ಬದಲು ಮೂರು ಕಂಪ್ಯೂಟರುಗಳು ಕಂಡವು. ಮೂರನೆಯದು ಗಲ್ಲಾ ಎಲ್ಲಿದೆಯೆಂದು ಎಡೆಬಿಡದೆ ಕೇಳುತ್ತ ಆರ್ಡರುಗಳ ದಾರಿಯನ್ನೇ ಕಟ್ಟಿಹಾಕಿತ್ತು.

"ಈ ಮೂರನೆಯ ಕೇಬಲ್ ಎಲ್ಲಿಗೆ ಹೋಗತ್ತೆ?" ಎಂದು ಕೇಳಿದೆ.

"ಕೆಳಗಿನ ಸ್ಟೋರ್ ರೂಮಿಗೆ. ಅಲ್ಲಿ ಎಂತದ್ದೂ ಇಲ್ಲ ಮಾರಾಯ್ರೆ, ನೆರೆಯಲ್ಲಿ ಎಲ್ಲ ಹೋಯ್ತು," ಎಂದರು ವಿಷ್ಣುಮೂರ್ತಿ.

"ನನ್ನ ತಮ್ಮ ಚರಣನೂ ಹೋದ," ಎಂದರು ಅವರ ಹೆಂಡತಿ ರತ್ನಾವತಿ. "ಕಂಪ್ಯೂಟರ್ ತಾ ಅಂತ ಅವನನ್ನು ಇಳಿಸಿದ್ದು ಇವರೇ. ನೀರು ಮೇಲೆ ಬರ್ತದೆ ಅಂತ ಬಾಗಿಲು ಹಾಕಿದ್ದೂ ಇವರೇ."

ವಿಷ್ಣುಮೂರ್ತಿ ಹೆಂಡತಿಯ ಕಡೆ ತಿರುಗಲೂ ಇಲ್ಲ. "ಅದನ್ನು ಕಿತ್ತು ಹಾಕಿ. ಸಂಜೆಯ ಟಿಫಿನ್ನಿಗೆ ಜನ ಬರುವ ಹೊತ್ತಾಯ್ತು."

"ಬೇಡ ಅಣ್ಣಾ," ಎಂದು ರತ್ನಾವತಿ ನನ್ನ ಕೈ ಹಿಡಿದರು. ನಾನು ಕೈ ಬಿಡಿಸಿಕೊಂಡು ಆ ಕೇಬಲ್ ಕಿತ್ತೆ. ಕೇಬಲಿನ ತುದಿಯಿಂದ ಕೊಚ್ಚೆ ವಾಸನೆಯ ನೀರು ತೊಟ್ಟಿಕ್ಕಿತು. ಆರ್ಡರುಗಳು ತಕ್ಷಣ ಓಡತೊಡಗಿದವು. ವಿಷ್ಣುಮೂರ್ತಿ ನಗುತ್ತ ಹೋಗಿ ಗಲ್ಲಾದಲ್ಲಿ ಕೂತರು.

ಹೊರಡುವ ಮುಂಚೆ ಮತ್ತೊಮ್ಮೆ ಪರದೆ ನೋಡಿದೆ. ಎರಡೇ ಉಳಿಯಬೇಕಿತ್ತು. ಮೂರನೆಯದು ಇನ್ನೂ ಇತ್ತು. ಅದು ಈಗ ಏನನ್ನೂ ಕೇಳುತ್ತಿರಲಿಲ್ಲ. ವಿಷ್ಣುಮೂರ್ತಿ ಕೂತಿದ್ದ ಗಲ್ಲಾದ ಕೇಬಲಿನಲ್ಲೇ ಇತ್ತು.