ಮೂರನೆಯ ಸಲ ಬಂದ ಬಟ್ಟೆ

“ಮತ್ತೆ ಅದೇ ಬಟ್ಟೆನಾ ಮೇಷ್ಟ್ರೇ?!”

ತೊಗಟೆ ಕುಟ್ಟುತ್ತಿದ್ದ ಪೊಕುವಾಳ ಒನಕೆ ಅಲ್ಲಿಯೇ ನಿಂತಿತು. ಅಂಗಳದ ಬಾಗಿಲಲ್ಲಿದ್ದ ಅಮನ್‌ಕ್ವಾ ಮೇಷ್ಟರು ತಲೆ ತಗ್ಗಿಸಿಯೇ ಗಂಟು ಬಿಚ್ಚಿದರು. ಹೋದ ವರ್ಷ ತಾಯಿ ತೀರಿಕೊಂಡಾಗ ಅವರು ಇಲ್ಲಿಯೇ ಅದ್ದಿಸಿಕೊಂಡಿದ್ದ ಶೋಕದ ಬಟ್ಟೆ. ಇದ್ದಿಲಿನಂತಿದ್ದದ್ದು ಈಗ ಒಣಗಿದ ಬಾಳೆಯೆಲೆಯ ಹಾಗೆ ಕಂದಾಗಿತ್ತು!

“ಇನ್ನೊಂದು ಸಲ ಅದ್ದಿ ಕೊಡ್ತೀರಾ?”

ಮೂರು ತಿಂಗಳಲ್ಲಿ ಇದು ಮೂರನೆಯ ಸಲ.

“ಏನ್ ಮೇಷ್ಟ್ರೇ, ಇದನ್ನ ಉಟ್ಕೊಂಡು ಹೊಳೇಲಿ ಮೀನು ಹಿಡೀತೀರೋ ಹೇಗೆ?” ಕಡಾಯಿಯ ಬಳಿಯಿಂದ ಡೂಫಿಯೆ ಅಜ್ಜಿ ಕೂಗಿದಳು. ಹೆಂಗಸರೆಲ್ಲ ನಕ್ಕರು.

ಪೊಕುವಾಳಿಗೆ ನಗು ಬರಲಿಲ್ಲ.

ಎನ್‌ಟೊನ್ಸೊ ಊರಿನ ಹನ್ನೊಂದು ಹೆಂಗಸರು ಅವಳ ಮಾತು ನಂಬಿ ಪುಡಿಬಣ್ಣ ಬಿಟ್ಟಿದ್ದರು. ಆ ಪುಡಿ ಅವರ ಬೆರಳು ಸುಟ್ಟಿತ್ತು, ಹಳ್ಳದ ನೀರನ್ನು ಕೆಡಿಸಿತ್ತು. ಈಗ ಅಜ್ಜಿಯರ ಕಾಲದಂತೆ ತೊಗಟೆ, ಬೇರು ಬೇಯಿಸಿ, ಹಳೆಯ ಬಟ್ಟೆಗಳನ್ನೇ ಅದ್ದಿ, ಸೋರೆಬುರುಡೆಯಲ್ಲಿ ಕೆತ್ತಿದ ಅಚ್ಚೊತ್ತಿ ಹೊಸ ಉಡುಪು ಹೊಲಿಯುತ್ತಿದ್ದರು. ಶನಿವಾರ ಕುಮಾಸಿ ಪಟ್ಟಣದಿಂದ ಅಂಗಡಿಯ ಒಡತಿ ಬರುವವಳಿದ್ದಳು. ಅವಳು ಕೇಳುವುದು ಒಂದೇ ಮಾತು: ಬಣ್ಣ ನಿಲ್ಲುತ್ತದೆಯೇ?

‘ನಿಲ್ಲುತ್ತದೆ ಎಂದು ಯಾವ ಬಾಯಲ್ಲಿ ಹೇಳಲಿ? ದೇವರು ಕೇಳಿಸಿಕೊಳ್ಳುವುದಿಲ್ಲವೇ?’

ಬೇರು ಬದಲಿಸಿದ್ದಳು. ಒಂದು ದಿನ ಹೆಚ್ಚಿಗೆ ಕುದಿಸಿದ್ದಳು. ಬೇರೆ ಯಾರ ಬಟ್ಟೆಯೂ ಹಿಂದೆ ಬಂದಿರಲಿಲ್ಲ. ಇವರದು ಮಾತ್ರ ಏಕೆ?

ವರ್ಷದ ಶೋಕ ಮುಗಿದ ಮೇಲೂ ಇವರಿಗೆ ಈ ಕಪ್ಪು ಏಕೆ? ಅದಕ್ಕಿಂತ ಹೆಚ್ಚಾಗಿ... ಇವರು ಬಂದ ದಿನ ತನ್ನ ಒನಕೆ ಹಗುರಾಗುವುದು ಏಕೆ? ಗಂಡನನ್ನು ಮಣ್ಣಿಗಿಟ್ಟು ನಾಲ್ಕು ವರ್ಷವಾಗಿದೆ. ಶೋಕದ ಬಟ್ಟೆ ತರುವವನ ದಾರಿ ಕಾಯುವುದೆಂದರೆ... ಛೀ!

“ಶುಕ್ರವಾರ ಒಯ್ಯಿರಿ,” ಎಂದಷ್ಟೇ ಹೇಳಿದಳು.

ಶುಕ್ರವಾರ ಮೇಷ್ಟರು ಬೆಳಿಗ್ಗೆಯೇ ಬಂದು ಬಟ್ಟೆ ಒಯ್ದರು. ಪೊಕುವಾಳ ಮನಸ್ಸು ತಡೆಯಲಿಲ್ಲ. ಒಗೆಯುವ ರೀತಿಯಲ್ಲಿಯೇ ತಪ್ಪಿರಬಹುದು, ಕಣ್ಣಾರೆ ನೋಡೋಣ ಎಂದು ಮಧ್ಯಾಹ್ನ ಅವರ ಮನೆಗೆ ಹೋದಳು.

ಹಿತ್ತಿಲ ತಗಡಿನ ಮಾಡಿನ ಮೇಲೆ ಬಟ್ಟೆ ಹರಡಿತ್ತು. ಮೇಷ್ಟರು ಏಣಿಯ ಮೇಲೆ ನಿಂತು, ಹೋಳು ನಿಂಬೆಹಣ್ಣಿನಿಂದ ಅದನ್ನು ಗಸಗಸ ಉಜ್ಜುತ್ತಿದ್ದರು! ಕೆಳಗೆ ಸಿಪ್ಪೆಯ ರಾಶಿ.

“ಮೇಷ್ಟ್ರೇ!”

ಏಣಿ ಅಲುಗಿತು. ಕೈಯಲ್ಲಿದ್ದ ನಿಂಬೆ ಉರುಳಿ ಅವಳ ಪಾದದ ಬಳಿ ಬಿತ್ತು.

“ನೀವೇ... ನೀವೇ ಬಣ್ಣ ತೆಗೀತಿದ್ರಾ?”

“ತಪ್ಪಾಯ್ತು.”

“ಯಾಕೆ? ನಾನೇನು ಮಾಡಿದ್ದೆ ನಿಮಗೆ?”

“ಏನೂ ಮಾಡಿಲ್ಲ.” ಅವರು ಏಣಿಯಿಂದ ಇಳಿದರು. “ಬಣ್ಣ ಹೋಗದೆ ನಿಮ್ಮ ಅಂಗಳಕ್ಕೆ ಹೇಗೆ ಬರಲಿ? ನನ್ನ ಹತ್ರ ಬೇರೆ ನೆಪ ಇರಲಿಲ್ಲ...”

ಪೊಕುವಾಳ ಕಣ್ಣು ತುಂಬಿತು. ಸಿಟ್ಟೋ, ಸಂತೋಷವೋ, ಅವಳಿಗೇ ತಿಳಿಯಲಿಲ್ಲ.

“ಮೂರು ತಿಂಗಳು ನನ್ನ ಕೈಯನ್ನೇ ನಾನು ನಂಬಲಿಲ್ಲ ಮೇಷ್ಟ್ರೇ! ನಾಳೆ ಒಡತಿಗೆ ‘ಬೇಡಮ್ಮಾ, ನಮ್ಮ ಬಣ್ಣ ನಿಲ್ಲಲ್ಲ’ ಅಂತ ಹೇಳೋಳಿದ್ದೆ. ಹನ್ನೊಂದು ಮನೆಯ ಅನ್ನ ಅದು!”

ಮೇಷ್ಟರಿಗೆ ಇದು ಗೊತ್ತಿರಲಿಲ್ಲ.

ಅವಳು ತಿರುಗಿ ನೋಡದೆ ನಡೆದಳು.

ಶನಿವಾರ ಒಡತಿ ಬಟ್ಟೆ ಮುಟ್ಟಿ ನೋಡುತ್ತಿದ್ದಾಗ ಮೇಷ್ಟರು ಅಂಗಳಕ್ಕೆ ಬಂದರು. ಎಲ್ಲರೆದುರು ಆ ಕಂದು ಬಟ್ಟೆ ಬಿಡಿಸಿದರು.

“ಅಮ್ಮಾ, ಪ್ರತಿಸಲ ಹನ್ನೆರಡು ನಿಂಬೆಹಣ್ಣು ಉಜ್ಜಿ ಈ ಬಣ್ಣ ಕೆಡಿಸಿದವನು ನಾನು. ಬರೀ ನೀರಲ್ಲಿ ವರ್ಷವಿಡೀ ಒಗೆದೆ, ಕಪ್ಪು ಅಲುಗಲಿಲ್ಲ. ನಿಂಬೆ ಉಜ್ಜಿದ್ರೂ ನೋಡಿ, ಈ ಅಂಚು ಹೋಗಿಲ್ಲ. ಇವರ ಕೈಯಲ್ಲಿ ದೋಷವಿಲ್ಲ.”

“ಯಾಕಪ್ಪಾ ಕೆಡಿಸಿದೆ?” ಒಡತಿ ಬೆರಗಾದಳು.

ಮೇಷ್ಟರು ಪೊಕುವಾಳ ಕಡೆ ನೋಡಿದರು.

“ಅಯ್ಯೋ, ಇನ್ನೇನು ಕೇಳ್ತೀಯಮ್ಮಾ!” ಡೂಫಿಯೆ ಅಜ್ಜಿ ಕೈ ತಟ್ಟಿದಳು. “ಊರಿನ ನಿಂಬೆಹಣ್ಣೆಲ್ಲ ಎಲ್ಲಿ ಹೋಯ್ತು ಅಂತ ಇವತ್ತು ತಿಳೀತು! ಸಾರಿಗೆ ಒಂದೂ ಸಿಗ್ತಿರಲಿಲ್ಲ!”

ಅಂಗಳವೆಲ್ಲ ನಗೆ. ಒಡತಿ ಅಂಚನ್ನು ಉಗುರಿನಿಂದ ಕೆರೆದು ನೋಡಿ, ಇದ್ದ ಬಟ್ಟೆಯನ್ನೆಲ್ಲ ಕಟ್ಟಿಸಿದಳು.

ಅವಳ ಗಾಡಿ ಹೋದ ಮೇಲೂ ಮೇಷ್ಟರು ಅಲ್ಲಿಯೇ ನಿಂತಿದ್ದರು. ಕಂಕುಳಲ್ಲಿ ಇನ್ನೊಂದು ಬಟ್ಟೆ. ಅಚ್ಚ ಬಿಳಿ. ಮಗು ಹುಟ್ಟಿದರೆ, ಮದುವೆಯಾದರೆ ಅಚ್ಚೊತ್ತಿಸಿ ಉಡುವಂಥದ್ದು.

ಪೊಕುವಾ ಬಟ್ಟೆಯ ಅಂಚು ಮುಟ್ಟಿ ನೋಡಿದಳು. “ಇದು... ಯಾತಕ್ಕೆ?”

“ಇದನ್ನ ತಂದರೆ ಹೀಗೆ ಕೇಳ್ತೀರಿ ಅಂತಾನೇ ಇಷ್ಟು ದಿನ ಕಪ್ಪು ತರ್ತಿದ್ದೆ.”

ಅವಳು ಬಟ್ಟೆ ಇಸಿದುಕೊಂಡು, ನೆಲದ ಮೇಲೆ ಹರಡಿ, ನಾಲ್ಕು ಮೂಲೆಗೂ ಕಲ್ಲಿಟ್ಟಳು.

“ಇದಕ್ಕೆ ನಿಂಬೆ ಮುಟ್ಟಿಸಿದ್ರೆ ನೋಡಿ!”

“ಇಲ್ಲ, ದೇವರಾಣೆ. ಒಣಗೋಕೆ ಎಷ್ಟು ಹೊತ್ತು? ಆಮೇಲೆ ಬರಲಾ?”

ಅಚ್ಚನ್ನು ಮಸಿಯಲ್ಲಿ ಅದ್ದುತ್ತಾ ಪೊಕುವಾ ತಲೆಯೆತ್ತದೆ ಹೇಳಿದಳು:

“ಹೋಗೋದ್ಯಾಕೆ... ಇಲ್ಲೇ ಕೂತಿರಿ.”