ತೊಳೆದ ಬೆಳಕು

ಪರದೆಯಲ್ಲಿ ಸೂರ್ಯ ಮೋಡ ಬಿಟ್ಟು ಹೊರಬಂದದ್ದೇ ತಡ, ಇಂದೂಧರ ಬಳಿಗಾರ ಎರಡು ಸಲ ಸೀನಿದ. ಅವನ ಹಿಂದಿನ ಗೋಡೆಯ ಮೇಲೆ ನೆರಳು ಬಿತ್ತು. ಹುಬ್ಬಳ್ಳಿಯ ಏಪ್ರಿಲ್ ಮಧ್ಯಾಹ್ನ ರಸ್ತೆಯ ಮೇಲೆ ಬೀಳುವಂಥ, ಅಂಚು ಚೂಪಾದ ನೆರಳು.

“ಬಿಸಲಿಗೆ ಬಂದ ಕೂಡ್ಲೆ ಸೀನೋ ಮಂದಿ ಇರ್ತಾರ,” ಎಂದರು ಡಾಕ್ಟರ್ ಮೆಹರುನ್ನೀಸಾ ಕಿತ್ತೂರ. ಆ ಪರದೆಯನ್ನು ಕಂಡುಹಿಡಿದವರು ಅವರೇ, ಇವತ್ತು ಗೋಡೆಗೆ ನಿಂತು ಹಾಕಿಸಿದವರೂ ಅವರೇ. “ಟೀವಿ ನೋಡಿ ಸೀನಿದವನ್ನ ಮಾತ್ರ ಇವತ್ತ ನೋಡಿದೆ.”

“ಇದನ್ನ ಟೀವಿ ಅನ್ನೂದ ಬಿಡ್ರಿ ಮೇಡಂ,” ಎಂದ ಇಂದೂಧರ, ಮೂಗೊರೆಸಿಕೊಳ್ಳುತ್ತ. “ಇದು ಕಿಡಕಿ.”

ಎಚ್‌ಡಿಆರ್ ಎಂಬ ಹೆಸರಿನ ಟೀವಿಗಳು ಅವನ ಅಜ್ಜನ ಕಾಲದಲ್ಲೇ ಬಂದಿದ್ದವು. ಕತ್ತಲಿಗೂ ಬೆಳಕಿಗೂ ನಡುವೆ ಹೆಚ್ಚು ಮೆಟ್ಟಿಲುಗಳನ್ನು ತೋರಿಸುವುದು ಅವುಗಳ ಕೆಲಸ. ಆದರೆ ತುದಿಯ ಮೆಟ್ಟಿಲುಗಳು ಅವುಗಳಿಗೆ ಎಟುಕುತ್ತಿರಲಿಲ್ಲ. ಸೂರ್ಯನೂ ಟ್ಯೂಬ್‌ಲೈಟೂ ಅವುಗಳಲ್ಲಿ ಒಂದೇ ಬಿಳುಪು. ಮೆಹರುನ್ನೀಸಾ ಅವರ ಸೂರ್ಯಪಟದಲ್ಲಿ ಪ್ರತಿ ಚುಕ್ಕಿಗೂ ತನ್ನದೇ ದೀಪವಿತ್ತು, ದೀಪದ ಮುಂದೆ ಬೆಳಕನ್ನು ಪೂರ್ತಿ ನುಂಗಿಬಿಡುವ ಒಂದು ಪೊರೆಯಿತ್ತು. ಚೌಕಟ್ಟಿನ ಮೇಲೆ ಸಾಸಿವೆಯಷ್ಟು ಚಿಕ್ಕ ಕ್ಯಾಮೆರಾ ಕುಳಿತು ನೋಡುವವನ ಕಣ್ಣಪಾಪೆಯನ್ನು, ಅಂದರೆ ಬೆಳಕು ಒಳಹೋಗುವ ಆ ಕರಿ ಕಿಂಡಿಯನ್ನು, ಗಮನಿಸುತ್ತಿತ್ತು. ಕಣ್ಣು ಸುಡದ ಹಾಗೆ ಕಾಯುತ್ತಿದ್ದುದೂ ಅದೇ.

ಹೊಂದಿಸುವುದಕ್ಕೆ ಇಡೀ ಮುಂಜಾನೆ ಹಿಡಿಯಿತು. ಗಿಳಿಹಸಿರು ಗೋಡೆಗೆ ಬೂದು ಬಣ್ಣ ಹಚ್ಚಿಸಿಯಾಗಿತ್ತು. ಕಿಟಕಿಗೆ ಕಪ್ಪು ಬಟ್ಟೆ ಬಂದಿತ್ತು. ಮೆಹರುನ್ನೀಸಾ ಅವನ ಕುರ್ಚಿಯನ್ನು ತಾವೇ ಹಿಂದೆ ಮುಂದೆ ಎಳೆದು ದೂರ ಗೊತ್ತು ಮಾಡಿದರು. ಗುಂಡಿ ಒತ್ತಿದ್ದಕ್ಕೂ ಚಿತ್ರ ಅಲುಗುವುದಕ್ಕೂ ನಡುವೆ ತಡವಾಗದಿರಲಿ ಎಂದು ಗೇಮ್ ಮೋಡ್ ಹಾಕಿದರು. ಆಮೇಲೆ ಪರದೆ ಪೂರ್ತಿ ಕಪ್ಪಾಯಿತು.

“ಕತ್ತಲದಾಗ ಒಂದು ಗುರುತು ಐತಿ. ಕಾಣತೈತೇನು?”

“ಕಾಣತೈತ್ರಿ.”

“ಈಗ?”

“ಒಂಚೂರು.”

“ಈಗ?”

“ಹೋತ್ರಿ.”

“ಅಲ್ಲೇ ಬಿಡು. ನಿನ್ನ ಕಣ್ಣಿನ ಕಪ್ಪು ಅದು. ಅದನ್ನ ಮುಟ್ಟಬ್ಯಾಡ.”

ಮುಂದಿನ ತಿಂಗಳು ‘ಕೋಟೆಬೀದಿ’ಯ ರಾಜ್ಯ ಫೈನಲ್. ಹಾಳುಬಿದ್ದ ಊರೊಂದರಲ್ಲಿ ಐವರು ಐವರನ್ನು ಕೊಲ್ಲುವ ಆಟ ಅದು. ಈ ಸಲ ಸೂರ್ಯಪಟಗಳ ಮೇಲೇ ಆಡಿಸುವುದೆಂದು ತೀರ್ಮಾನವಾಗಿದ್ದರಿಂದ ಅಭ್ಯಾಸಕ್ಕೆಂದು ಆಟಗಾರರ ಮನೆಗಳಿಗೆ ಒಂದೊಂದು ಬಂದಿತ್ತು. ಉಣಕಲ್ ತಂಡದಲ್ಲಿ ಇಂದೂಧರ ಮೊದಲು ನುಗ್ಗುವವನು. ಮುಚ್ಚಿದ ಬಾಗಿಲು ಒದ್ದು ಒಳಗಿದ್ದವನನ್ನು ಅವನು ಗುರಿಯಿಡುವ ಮೊದಲೇ ಕೊಲ್ಲಬೇಕು. ಗೆದ್ದರೆ ರಾಷ್ಟ್ರೀಯ ತಂಡ. ಓದು ಅರ್ಧಕ್ಕೆ ಬಿಟ್ಟವನಿಗೆ ಬೇರೆ ಯಾವುದೂ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಆ ಸಂಜೆ ಅವನು ಆಡಲು ಕುಳಿತ. ಮೊದಲ ಬಾಗಿಲು ಒದ್ದ. ಒಳಗಿದ್ದವನ ಗಂಟಲಿಗೆ ಚಾಕು ಹಾಕಿದ. ರಕ್ತ ಮೊದಲು ಕಪ್ಪಗೆ ಉಕ್ಕಿತು, ಕಿಟಕಿಯ ಬಿಸಿಲಿಗೆ ಬಂದಾಗ ಫಳಕ್ಕನೆ ಹೊಳೆಯಿತು. ಹಳೆಯ ಪರದೆಗಳಲ್ಲಿ ರಕ್ತ ಎಂದರೆ ಬರೀ ಬಣ್ಣ. ಇಲ್ಲಿ ಅದು ಒದ್ದೆಯಾಗಿತ್ತು. ಸಾಯುವವನ ಕಣ್ಣಿನಲ್ಲಿ ಕಿಟಕಿಯ ಚೌಕ ಹೊಳೆಯುತ್ತಿತ್ತು, ಆಮೇಲೂ ಹೊಳೆಯುತ್ತಲೇ ಇತ್ತು, ಆದರೆ ಆ ಕಣ್ಣು ನೋಡುವುದನ್ನು ನಿಲ್ಲಿಸಿತ್ತು. ಎರಡನೆಯ ಕೋಣೆಯಲ್ಲಿ ಕೈಬಾಂಬು ಸಿಡಿದಾಗ ಇಂದೂಧರ ಮುಖಕ್ಕೆ ತೋಳು ಅಡ್ಡ ಹಿಡಿದ. ಅಷ್ಟರಲ್ಲಿ ಅವನು ಸತ್ತಿದ್ದ.

ವಾರವಿಡೀ ಅದೇ ಆಯಿತು. ಬಾಗಿಲು ತೆರೆದ ಕೂಡಲೇ ಮೈ ತಾನಾಗಿ ಬೆದರುತ್ತಿತ್ತು, ಕಣ್ಣು ಮುಚ್ಚುತ್ತಿತ್ತು, ಎದುರಿನವನು ಗುಂಡು ಹಾರಿಸುತ್ತಿದ್ದ.

“ಏನಲೇ, ಮದವಿ ಹೆಣ್ಣಿನಂಗ ನಾಚಿಕೊಂಡ ಒಳಗ ಹೊಕ್ಕೀ,” ಎಂದ ತಂಡದ ನಾಯಕ ಸ್ಯಾಮ್ಸನ್, ಹೆಡ್‌ಫೋನಿನಲ್ಲಿ. “ನಿನ್ನ ಹೆಣಾ ದಾಟಿ ದಾಟಿ ನಂಗ ಸಾಕಾಗೇತಿ.”

“ಕಣ್ಣಿಗೆ ಹೊಡಿತೈತೋ ಬೆಳಕು.”

“ತೊಳಿಯಲೇ ಅದನ್ನ. ಯಾರರೆ ತೊಳೀದ ಆಡ್ತಾರೇನು?”

ತೊಳೆಯುವುದೆಂದರೆ ಪಂದ್ಯ ಆಡುವ ಹುಡುಗರ ಹಳೆಯ ಪದ್ಧತಿ. ಮೂಲೆಯಲ್ಲಿ ಅಡಗಿದವನು ಕಾಣಲೆಂದು ಕಪ್ಪನ್ನು ಎತ್ತುವುದು, ಕಣ್ಣು ಕುಕ್ಕದಿರಲೆಂದು ಬಿಳುಪಿನ ತುದಿ ಕತ್ತರಿಸುವುದು. ಚಿತ್ರ ಸಪ್ಪೆಯಾಗುತ್ತದೆ, ಗುರಿ ಸುಲಭವಾಗುತ್ತದೆ. ಚಿಕ್ಕಂದಿನಿಂದ ಯಾವ ಪರದೆ ಸಿಕ್ಕರೂ ಇಂದೂಧರ ಮಾಡಿದ ಮೊದಲ ಕೆಲಸ ಅದೇ. ಇಲ್ಲೂ ಅದನ್ನೇ ಮಾಡಿದ. ಜೊತೆಗೆ ‘ಹಿತ’ ಎಂಬ ಆಯ್ಕೆಯೊಂದು ಕಾಣಿಸಿತು. ಅದನ್ನೂ ಒತ್ತಿದ.

ಮರುದಿನದಿಂದ ಅವನು ಸಾಯುವುದು ನಿಂತಿತು. ಬಾಗಿಲು ಒದೆಯುತ್ತಿದ್ದ, ಕೊಲ್ಲುತ್ತಿದ್ದ, ಮುಂದಿನ ಬಾಗಿಲಿಗೆ ಹೋಗುತ್ತಿದ್ದ. ತಲೆ ಸೀಳಿದವರ ಮೇಲೆ ಕಾಲಿಟ್ಟು ದಾಟುತ್ತಿದ್ದ. ತೋಳು ಹಾರಿಹೋದವನು ಗೋಡೆಗೊರಗಿ ಚೀರುವಾಗ ಅವನ ಬಂದೂಕಿನಲ್ಲಿ ಗುಂಡು ಉಳಿದಿದೆಯೋ ಎಂದಷ್ಟೇ ನೋಡುತ್ತಿದ್ದ. ಊಟಕ್ಕೆ ಕರೆದರೆ ಆಟ ನಿಲ್ಲಿಸಿ ಹೋಗಿ ಉಂಡು ಬರುತ್ತಿದ್ದ. ನಿದ್ದೆ ಚೆನ್ನಾಗಿ ಬರುತ್ತಿತ್ತು.

ಅವನ ಅಕ್ಕ ನೀಲವ್ವ ಮನೆಯ ಮುಂಭಾಗದಲ್ಲೇ ಖಾನಾವಳಿ ನಡೆಸುತ್ತಿದ್ದಳು. ರೊಟ್ಟಿ ಬಡಿಯಲು ಫಕೀರವ್ವ ಎಂಬ ಹೆಂಗಸು ಇದ್ದಳು. ಅಕ್ಕನಿಗೆ ಈ ಆಟ ಅರ್ಥವಾಗುತ್ತಿರಲಿಲ್ಲ.

“ಇಂದ್ಯಾ, ನಡುಮಧ್ಯಾಹ್ನ ಕತ್ತಲಿ ಮಾಡ್ಕೊಂಡು ಎಷ್ಟ ಮಂದೀನ ಕೊಂದೀ?”

“ಲೆಕ್ಕಾ ಇಡೂದು ಮಷೀನ್, ಅಕ್ಕಾ.”

“ಮತ್ತ ನೀ ಏನ ಮಾಡ್ತಿ?”

“ಬರೇ ಕೊಲ್ತೀನಿ,” ಎಂದು ನಕ್ಕ.

ಫೈನಲ್‌ಗೆ ಎರಡು ವಾರ ಇರುವಾಗ ಒಂದು ಮಧ್ಯಾಹ್ನ ನೀರು ಕುಡಿಯಲೆಂದು ಅವನು ಕೋಣೆಯಿಂದ ಹೊರಬಂದ. ಖಾನಾವಳಿಯಲ್ಲಿ ಇಬ್ಬರು ಲಾರಿ ಹಮಾಲರು ಮಾತಿಗೆ ಮಾತು ಬೆಳೆಸಿದ್ದರು. ಅವನು ಒಳಬಾಗಿಲಿಗೆ ಬಂದು ನಿಂತ ಹೊತ್ತಿಗೆ ಒಬ್ಬನು ಹಿತ್ತಾಳೆ ತಂಬಿಗೆ ಎತ್ತಿ ಇನ್ನೊಬ್ಬನ ಮುಖಕ್ಕೆ ಬಾರಿಸಿದ. ಮೂಗು ಮುರಿದ ಸದ್ದು ಕೇಳಿಸಿತು. ಎಣ್ಣೆಗಾಯಿಯ ತಟ್ಟೆಗೆ ರಕ್ತ ಸುರಿಯಿತು. ಪೆಟ್ಟು ತಿಂದವನು ಉಳ್ಳಾಗಡ್ಡಿ ಹೆಚ್ಚುವ ಚಾಕು ಕಸಿದುಕೊಂಡು ಎದ್ದ. ನೀಲವ್ವ ನಡುವೆ ಹೋದಳು. ಚಾಕು ಅವಳ ಮುಂಗೈಯಿಂದ ಮೊಣಕೈವರೆಗೆ ಹರಿಯಿತು.

ಇಂದೂಧರ ಎಲ್ಲವನ್ನೂ ಸ್ಪಷ್ಟವಾಗಿ ನೋಡಿದ. ಚಾಕು ಹಿಡಿದವನ ಭಾರ ಎಡಗಾಲ ಮೇಲಿದೆ, ಈಗ ಆ ಕಡೆ ವಾಲುತ್ತಾನೆ, ಕತ್ತಿನ ಬಲಭಾಗ ತೆರೆದಿದೆ. ತಂಬಿಗೆಯವನಿಂದ ಇನ್ನು ಅಪಾಯವಿಲ್ಲ. ಅಕ್ಕನ ತೋಳಿನ ಬಿಳಿ ಕೊಬ್ಬು ತೆರೆದುಕೊಂಡು ನಿಧಾನವಾಗಿ ಕೆಂಪು ತುಂಬುತ್ತಿದೆ. ಇಷ್ಟೂ ಕಂಡಿತು. ಮೈ ಮಾತ್ರ ಅಲುಗಲಿಲ್ಲ. ಎದೆ ಬಡಿತ ಕೂಡ ಬದಲಾಗಲಿಲ್ಲ. ಚಾಕು ಎರಡನೆಯ ಸಲ ಮೇಲೆದ್ದಾಗ ಫಕೀರವ್ವ ಒಲೆಯ ಮೇಲಿನ ಕಾದ ಹಂಚನ್ನು ಬಟ್ಟೆ ಸಮೇತ ಎತ್ತಿ ಅವನ ಬೆನ್ನಿಗೆ ಒತ್ತಿದಳು. ಅವನು ಊಳಿಟ್ಟು ಬಿದ್ದ. ಸುಟ್ಟ ಚರ್ಮದ ವಾಸನೆ ಖಾನಾವಳಿಯನ್ನು ತುಂಬಿತು.

ನೆಲದ ಮೇಲೆ ಕುಸಿದ ನೀಲವ್ವ ತಮ್ಮನ ಕಡೆ ನೋಡಿದಳು. ಅವನ ಕೈಯಲ್ಲಿ ನೀರಿನ ಲೋಟ ತುಳುಕದೆ ನಿಂತಿತ್ತು.

ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿಸಿಕೊಂಡು ಬಂದ ಮೇಲೆ ಅವಳು ಹೇಳಿದ್ದು ಇಷ್ಟೇ: “ಹೆದರಿ ನಿಂತಿದ್ದರ ನಂಗೇನೂ ಅನಸ್ತಿರಲಿಲ್ಲ. ನೀ ಹೆದರಿದ್ದಿಲ್ಲ. ನೀ ನೋಡಾಕತ್ತಿದ್ದಿ.”

ಇಂದೂಧರ ಮರುದಿನ ಮೆಹರುನ್ನೀಸಾ ಅವರ ಪ್ರಯೋಗಾಲಯಕ್ಕೆ ಹೋದ. ಅವರು ಅವನ ಪರದೆಯ ದಾಖಲೆಯನ್ನು ತೆರೆದು ನೋಡಿದರು.

“‘ಹಿತ’ ಯಾಕ ಒತ್ತಿದಿ?”

“ಇತ್ತಲ್ರಿ, ಅದಕ್ಕ ಒತ್ತಿದೆ.”

“ಅದು ಮುದುಕರಿಗೆ, ಮೂರ್ಛೆ ಬರೋರಿಗೆ ಇಟ್ಟಿದ್ದು. ನಿನ್ನ ಕಣ್ಣಪಾಪಿ ಯಾವುದಕ್ಕ ಬೆದರತೈತಿ ಅಂತ ಪರದೆ ನೋಡ್ಕೊಂತ ಇರತೈತಿ. ಮುಂದಿನ ಸಲ ಅದಷ್ಟನ್ನ ಮಸುಕು ಮಾಡತೈತಿ. ಒಬ್ಬಾಕಿ ಮುದುಕಿಗೆ ಅದು ಮಸುಕು ಮಾಡಿದ್ದು ಸಿಡಿಲಿನ ಮಿಂಚು. ನೀನು ಅದರ ಮುಂದ ಕುಂತು ಮೂರ ವಾರ ಮಂದಿ ಕೊಂದಿ. ನಿನಗ ಮಸುಕು ಮಾಡಿದ್ದು ಏನು ಗೊತ್ತೇನು? ರಕ್ತದ ಹೊಳಪು. ಸಾಯೋರ ಕಣ್ಣು. ಅಷ್ಟ. ಉಳಿದದ್ದೆಲ್ಲಾ ಹಂಗ ಐತಿ.”

“ಆದ್ರ ಅಕ್ಕನ ಕೈ ಪರದೆದಾಗ ಇರಲಿಲ್ರಿ.”

“ಕಣ್ಣಿಗೆ ಅದು ಗೊತ್ತಿಲ್ಲ. ಕೊಯ್ದ ಮೈ ನೋಡಿದ್ರ ಏನೂ ಆಗೂದಿಲ್ಲ ಅಂತ ದಿನಾ ಪಾಠ ಮಾಡಿದ್ರ ಮಿದುಳು ಕಲ್ತಬಿಡತೈತಿ.”

“ಮೊದಲಿನಂಗ ಮಾಡ್ರಿ ಮೇಡಂ.”

“ಪರದೇನ ಈಗ ಮಾಡ್ತೀನಿ. ನಿನ್ನ ಮಾಡಾಕ ನನ್ನ ಕಡೆ ಏನೂ ಇಲ್ಲ, ತಮ್ಮಾ.” ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಸೂರ್ಯನ್ನ ತರೂದು ಕಷ್ಟ ಅಂತ ತಿಳ್ಕೊಂಡಿದ್ದೆ. ಅದು ಸುಲಭ ಇತ್ತು.”

ಮನೆಗೆ ಬಂದು ಅವನು ಕತ್ತಲೆಯ ಗುರುತನ್ನು ಮತ್ತೆ ಮಾಯ ಮಾಡಿದ, ಬೆಳಕಿನ ತುದಿಯನ್ನು ನಿಜದ ಎತ್ತರಕ್ಕೆ ಏರಿಸಿದ, ‘ಹಿತ’ ತೆಗೆದ. ಆಮೇಲೆ ದಿನವೂ ಬಂದೂಕು ಎತ್ತದೆ ಆ ಊರಿನಲ್ಲಿ ಅಡ್ಡಾಡಿದ. ಕೊಂದವರನ್ನೂ ಸತ್ತವರನ್ನೂ ನಿಂತು ನೋಡಿದ. ಏನೂ ಆಗಲಿಲ್ಲ. ಸತ್ತ ಹುಡುಗನೊಬ್ಬನ ಬಾಯಿಯ ಮೇಲೆ ಬಿಸಿಲು ಬಿದ್ದಿರುವುದನ್ನು ಒಂದು ಇಡೀ ಮಧ್ಯಾಹ್ನ ನೋಡಿದರೂ ಮೈ ಕಲ್ಲಾಗಿಯೇ ಇತ್ತು. ಅಕ್ಕ ಅವನನ್ನು ಅಡುಗೆಮನೆಗೆ ಕರೆಯುವುದನ್ನು ಬಿಟ್ಟಿದ್ದಳು. ತಟ್ಟೆಯನ್ನು ಬಾಗಿಲಲ್ಲೇ ಇಟ್ಟು ಹೋಗುತ್ತಿದ್ದಳು.

ಫೈನಲ್ ದಿನ ಒಳಾಂಗಣ ಕ್ರೀಡಾಂಗಣ ತುಂಬಿತ್ತು. ಪ್ರತಿಯೊಬ್ಬನಿಗೂ ತನ್ನ ಪರದೆಯನ್ನು ಹೊಂದಿಸಿಕೊಳ್ಳಲು ಸಮಯ ಕೊಟ್ಟರು. ಒಂಬತ್ತು ಜನ ತೊಳೆದುಕೊಂಡರು. ಇಂದೂಧರನ ಬೆರಳು ‘ಹಿತ’ದ ಮೇಲೆ ಸ್ವಲ್ಪ ಹೊತ್ತು ನಿಂತಿತು. ಒತ್ತಿದರೆ ಗೆಲುವು ಅವನದೇ. ಇದು ಅವನಿಗೂ ಗೊತ್ತಿತ್ತು, ಪಕ್ಕದಲ್ಲಿ ಕುಳಿತ ಸ್ಯಾಮ್ಸನ್‌ಗೂ ಗೊತ್ತಿತ್ತು. ಅವನು ಒತ್ತಲಿಲ್ಲ.

ಮೊದಲ ಬಾಗಿಲು ಒದ್ದ. ಒಳಗೆ ನಿಂತವನು ಬಾಗಿಲ ಬಿಸಿಲಿಗೆ ಕಣ್ಣು ಕಿರಿದು ಮಾಡಿದ. ಇಂದೂಧರನ ಹೆಬ್ಬೆರಳು ಗುಂಡಿಯ ಮೇಲೆ ತಡವಾಯಿತು. ಅದು ಹೆದರಿಕೆಯೋ ಅನುಮಾನವೋ ಅವನಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ಗುಂಡು ಅವನ ಎದೆ ಒಡೆದಿತ್ತು. ಮುಂದಿನ ಸುತ್ತಿನಲ್ಲೂ ಅದೇ. ಅದರ ಮುಂದಿನದರಲ್ಲೂ ಅದೇ. ಪ್ರೇಕ್ಷಕರು ಸಿಳ್ಳೆ ಹೊಡೆದು ಅವನ ಹೆಸರು ಹಿಡಿದು ಕೂಗಿ ನಕ್ಕರು. ಉಣಕಲ್ ತಂಡ ಸೋತಿತು.

ಹಿಂಬಾಗಿಲ ಓಣಿಯಲ್ಲಿ ಸ್ಯಾಮ್ಸನ್ ಅವನ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ.

“ನಾಕು ವರ್ಷ ಲೇ. ನಾಕು ವರ್ಷ ನಿನ್ನ ಹಿಂದ ನಿಂತೆ. ಬೇಕಂತ ಮಾಡಿದಿ.”

“ಹೂಂ,” ಎಂದ ಇಂದೂಧರ.

ಸ್ಯಾಮ್ಸನ್ ಮುಷ್ಟಿ ಬೀಸಿದ. ಅದು ತಲುಪುವ ಮೊದಲೇ ಇಂದೂಧರನ ಕಣ್ಣು ತಾನಾಗಿ ಮುಚ್ಚಿತು, ಭುಜ ಮೇಲೆದ್ದಿತು, ಎರಡೂ ಕೈ ಮುಖಕ್ಕೆ ಬಂದವು. ಪೆಟ್ಟು ಬೆರಳುಗಳ ಸಂದಿಯಿಂದ ಬಿದ್ದು ಹಲ್ಲು ಮುರಿಯಿತು. ಎರಡನೆಯ ಪೆಟ್ಟಿಗೆ ಅವನು ನೆಲಕ್ಕುರುಳಿದ. ಸ್ಯಾಮ್ಸನ್‌ನ ಬೆರಳ ಗೆಣ್ಣು ಹಲ್ಲಿಗೆ ತಾಗಿ ಹರಿದು ರಕ್ತ ಇಳಿಯುತ್ತಿತ್ತು. ಅದನ್ನು ನೋಡಿದ ಕೂಡಲೇ ಇಂದೂಧರ ಬೆದರಿ ಮುಖ ತಿರುಗಿಸಿದ. ಆಮೇಲೆ ಕರವಸ್ತ್ರ ತೆಗೆದು ಸ್ಯಾಮ್ಸನ್‌ನ ಕೈ ಹಿಡಿದು ಕಟ್ಟಲು ಹೋದ. ಬಾಯಿ ತುಂಬ ರಕ್ತ ಇಟ್ಟುಕೊಂಡು ನಗುತ್ತಿದ್ದ.

“ಹುಚ್ಚ ಹಿಡದೈತಿ ಇವಂಗ,” ಎಂದು ಸ್ಯಾಮ್ಸನ್ ಕೈ ಕಿತ್ತುಕೊಂಡು ಹೋದ.

ಮರುವರ್ಷ ಸೂರ್ಯಪಟ ಅಂಗಡಿಗಳಿಗೆ ಬಂತು. ಕಂಪನಿಯವರು ‘ಹಿತ’ವನ್ನು ಕಾರ್ಖಾನೆಯಲ್ಲೇ ಹಾಕಿ ಕಳಿಸಿದರು. ಮೆಹರುನ್ನೀಸಾ ವಿರೋಧಿಸಿ ಕೆಲಸ ಬಿಟ್ಟರು. ಬೇಡವಾದವರು ಮೆನು ತೆರೆದು ತೆಗೆಯಬಹುದೆಂದು ಕಂಪನಿ ಹೇಳಿತು. ತೆರೆದವರು ಕಡಿಮೆ.

ಇಂದೂಧರ ಈಗ ಅಕ್ಕನ ಜೊತೆ ಖಾನಾವಳಿಯಲ್ಲಿ ಬಡಿಸುತ್ತಾನೆ. ಅವನ ಪರದೆಯನ್ನು ನೀಲವ್ವ ಊಟದ ಕೋಣೆಗೆ ಹಾಕಿಸಿದಳು, ‘ಹಿತ’ ತೆಗೆದೇ. ಒಂದು ಮಧ್ಯಾಹ್ನ ಸುದ್ದಿಯಲ್ಲಿ ದೂರದ ಒಂದು ಊರಿನ ಮೇಲೆ ಬಾಂಬು ಬಿತ್ತು. ಕೋಣೆ ಬೆಳ್ಳಗಾಯಿತು. ಹೊಗೆ ಸರಿದಾಗ ಒಬ್ಬ ಹೆಂಗಸು ಇಟ್ಟಿಗೆಗಳನ್ನು ಕೈಯಿಂದ ಬಗೆಯುತ್ತಿದ್ದಳು, ಉಗುರಿಲ್ಲದ ಅವಳ ಬೆರಳು ಬಿಸಿಲಿಗೆ ಹೊಳೆಯುತ್ತಿದ್ದವು. ಉಣ್ಣುತ್ತಿದ್ದವರು ಮುಖಕ್ಕೆ ಕೈ ಅಡ್ಡ ಹಿಡಿದರು.

“ತಮ್ಮಾ, ಬೆಳಕು ಒಂಚೂರು ಕಡಿಮಿ ಮಾಡಪಾ,” ಎಂದ ಒಬ್ಬ ಗಿರಾಕಿ. “ತುತ್ತು ಇಳಿವಲ್ದು.”

ರಿಮೋಟ್ ಇಂದೂಧರನ ಕೈಯಲ್ಲೇ ಇತ್ತು. ಅವನು ಅಕ್ಕನ ಮುಖ ನೋಡಿದ.

“ಉಂಡು ಮುಗಿಸಿ ನೋಡ್ರಿ,” ಎಂದಳು ನೀಲವ್ವ, “ಇಲ್ಲಾ ನೋಡಿ ಮುಗಿಸಿ ಉಣ್ರಿ. ಎರಡೂ ಕೂಡೇ ಆಗೂದಿಲ್ಲ ಇಲ್ಲಿ.”

“ನಮ್ಮನ್ಯಾಗ ಆಗತೈತಲ್ಲ?” ಎಂದ ಆ ಗಿರಾಕಿ.

ಇಂದೂಧರ ರಿಮೋಟ್ ಕೆಳಗಿಟ್ಟ. ಆ ಮನುಷ್ಯ ಎದ್ದು ಕೈ ತೊಳೆದುಕೊಂಡು ಬಂದು, ತಟ್ಟೆಗೆ ಬೆನ್ನು ಮಾಡಿ ಪರದೆಯ ಕಡೆಗೆ ಕುಳಿತ. ಅದೇ ಸುದ್ದಿಯನ್ನು ಆ ಹೊತ್ತಿಗೆ ಊರಿನ ಉಳಿದ ಮನೆಗಳಲ್ಲೂ ‘ಹಿತ’ದ ಪರದೆಗಳಲ್ಲಿ ನೋಡುತ್ತಿದ್ದರು. ಅಲ್ಲಿ ಬೆಂಕಿ ಟ್ಯೂಬ್‌ಲೈಟಿನಷ್ಟೇ ಬೆಳ್ಳಗಿತ್ತು, ಹೆಂಗಸಿನ ಬೆರಳು ಮಣ್ಣಿನ ಬಣ್ಣದವಾಗಿದ್ದವು, ಪಲ್ಯ ಇನ್ನೊಂದು ಸಲ ಬಡಿಸಿಕೊಳ್ಳಲು ಏನೂ ಅಡ್ಡಿಯಿರಲಿಲ್ಲ.